ಕನ್ಸರ್ವೇಟಿವೋ, ಲಿಬರಲ್ಲೋ? ಹಣೆಪಟ್ಟಿ ಅಂಟಿಸಿಕೊಳ್ಳುವ ಮುನ್ನ ಬಿಲ್ ಯಾರ ಹೆಸರಿಗಿದೆ ನೋಡಿ

ಅಮೆರಿಕದಲ್ಲಿ ವರ್ಷಗಟ್ಟಲೆ ಕಾದು ಪೌರತ್ವದ ಪ್ರಮಾಣವಚನ ತೆಗೆದುಕೊಂಡ ಕನ್ನಡಿಗರ ಕೈಗೆ ಬೇಗನೆ ಬರುವ ಕಾಗದಗಳಲ್ಲಿ ಮತದಾರರ ನೋಂದಣಿ ಅರ್ಜಿಯೂ ಒಂದು. ಹಲವು ರಾಜ್ಯಗಳ ಅರ್ಜಿಯಲ್ಲಿ ‘ಯಾವ ಪಕ್ಷ?’ ಎಂಬ ಸಾಲು ಇರುತ್ತದೆ. ಸ್ಥೂಲವಾಗಿ ರಿಪಬ್ಲಿಕನ್ ಪಕ್ಷ ಕನ್ಸರ್ವೇಟಿವ್‌ಗಳದು, ಡೆಮಾಕ್ರಟಿಕ್ ಪಕ್ಷ ಲಿಬರಲ್‌ಗಳದು. ತಲೆಬಿಸಿ ಶುರುವಾಗುವುದು ಅಲ್ಲೇ. ಕಾಲೇಜಿಗೆ ಹೋಗುವ ಮಗಳು ತಾನು ಲಿಬರಲ್ ಎನ್ನುತ್ತಾಳೆ. ಸಾಲ ಮಾಡಿ ಓದಿ, ಯಾರ ಹಂಗೂ ಇಲ್ಲದೆ ಮನೆ ಕಟ್ಟಿದ ಅಪ್ಪನಿಗೆ ‘ಪರ್ಸನಲ್ ರೆಸ್ಪಾನ್ಸಿಬಿಲಿಟಿ’ ಎಂಬ ಮಾತು ಹಿಡಿಸಿದೆ. ಹಾಗಾದರೆ ತಾನು ಕನ್ಸರ್ವೇಟಿವ್ ಇರಬೇಕು ಎಂದುಕೊಳ್ಳುತ್ತಾನೆ. ಅಷ್ಟು ಸಲೀಸಲ್ಲ. ವೈಯಕ್ತಿಕ ಹೊಣೆಯನ್ನು ಯಾವ ಪಂಗಡವೂ ಗುತ್ತಿಗೆ ಹಿಡಿದಿಲ್ಲ. ಒಬ್ಬೊಬ್ಬರು ಬದುಕಿನ ಒಂದೊಂದು ಕೋಣೆಯಲ್ಲಿ ಅದನ್ನು ಬಿಗಿಯಾಗಿ ಕೇಳುತ್ತಾರೆ, ಪಕ್ಕದ ಕೋಣೆಗೆ ಬಂದಾಗ ಸಡಿಲ ಬಿಡುತ್ತಾರೆ.

ಪದಗಳು ಮಾಡುವ ಮೋಸ

ನಮ್ಮ ಪತ್ರಿಕೆಗಳು ಲಿಬರಲ್‌ಗೆ ಉದಾರವಾದಿ, ಕನ್ಸರ್ವೇಟಿವ್‌ಗೆ ಸಂಪ್ರದಾಯವಾದಿ ಎಂದು ಬರೆಯುತ್ತವೆ. ಎರಡೂ ದಾರಿ ತಪ್ಪಿಸುವ ಪದಗಳೇ. ಉದಾರಿ ಎಂದರೆ ನಮಗೆ ಕೈಬಿಚ್ಚಿ ಕೊಡುವವನು. ಹೀಗಾಗಿ ಉದಾರವಾದಿ ಎಂದರೆ ಬೊಕ್ಕಸದ ದುಡ್ಡು ಹಂಚುವವನು ಎಂದೇ ಕಿವಿಗೆ ಬೀಳುತ್ತದೆ. ಆದರೆ 1991ರಲ್ಲಿ ಪಿ.ವಿ. ನರಸಿಂಹರಾವ್ ಸರ್ಕಾರ ಲೈಸೆನ್ಸ್ ಪದ್ಧತಿ ಸಡಿಲಿಸಿ ಮಾರುಕಟ್ಟೆ ತೆರೆದಾಗ ಅದಕ್ಕೆ ನಾವಿಟ್ಟ ಹೆಸರೂ ಉದಾರೀಕರಣವೇ. ಅಂಥ ಕ್ರಮಕ್ಕೆ ಅಮೆರಿಕದಲ್ಲಿ ಮೊದಲು ಚಪ್ಪಾಳೆ ಹೊಡೆಯುವವರು ಕನ್ಸರ್ವೇಟಿವ್‌ಗಳು. ಇನ್ನು ಸಂಪ್ರದಾಯಸ್ಥ ಎಂದರೆ ಕಣ್ಣೆದುರು ಬರುವುದು ಮಡಿ, ಮುಸುರೆ, ಪಂಚಾಂಗ. ತೆರಿಗೆ ಇಳಿಸಿ ಎಂದು ಕೂಗುವ ಟೆಕ್ಸಾಸಿನ ಎಣ್ಣೆ ಬಾವಿ ಮಾಲೀಕ ಬರುವುದಿಲ್ಲ.

ದೇಶ ಬದಲಾದರೂ ಅರ್ಥ ಪಲ್ಟಿ ಹೊಡೆಯುತ್ತದೆ. 1944ರಲ್ಲಿ ಹುಟ್ಟಿದ ಆಸ್ಟ್ರೇಲಿಯಾದ ಲಿಬರಲ್ ಪಕ್ಷ ಅಲ್ಲಿ ಬಲಪಂಥದ ದೊಡ್ಡ ಪಕ್ಷ. ಮೆಲ್ಬರ್ನ್‌ನ ತಂಗಿ ‘ಲಿಬರಲ್‌ಗೆ ಓಟು ಹಾಕಿದೆ’ ಎಂದರೆ ಡಲ್ಲಾಸ್‌ನ ಅಣ್ಣ ಪೂರ್ತಿ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾನೆ. ಜಪಾನನ್ನು 1955ರಿಂದ ಬಹುತೇಕ ಕಾಲ ಆಳಿದ ಲಿಬರಲ್ ಡೆಮಾಕ್ರಟಿಕ್ ಪಕ್ಷ ಹೆಸರಿಗೆ ಲಿಬರಲ್, ನಡೆಯಲ್ಲಿ ಕನ್ಸರ್ವೇಟಿವ್. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಲಿಬರಲ್ ಎಂದರೆ ಸರ್ಕಾರ ವ್ಯಾಪಾರದಿಂದ ದೂರವಿರಲಿ ಎನ್ನುವವನು. ನಮ್ಮಲ್ಲಿ ಆ ಅರ್ಥಕ್ಕೆ ಹತ್ತಿರ ಬಂದದ್ದು 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷ. ಅಮೆರಿಕದಲ್ಲಿ 1930ರ ದಶಕದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ಕಾರ್ಯಕ್ರಮಗಳಿಗೆ ಅದೇ ಪದ ಬಳಸಿ, ಅದನ್ನು ಸರ್ಕಾರದ ಆಸರೆಯ ಕಡೆಗೆ ಎಳೆದು ತಂದರು. ಕೆಳಗಿರುವುದೆಲ್ಲ ಈ ಅಮೆರಿಕನ್ ಅರ್ಥದಲ್ಲಿ.

ಅಳೆಯುವ ಕೋಲುಗಳು

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಎಡವಟ್ಟಾದಾಗ ಬಿಲ್ ಯಾರ ಹೆಸರಿಗೆ ಬರುತ್ತದೆ? ‘ಮಾಡಿದ್ದುಣ್ಣೋ ಮಹಾರಾಯ’ ಎನ್ನುವುದು ಸುಲಭ. ಉಣ್ಣುವವನು ಮಾಡಿದವನೇ ಹೌದೋ ಅಲ್ಲವೋ ಎಂಬುದನ್ನು ಪ್ರತಿ ನೀತಿಯಲ್ಲೂ ಹುಡುಕಬೇಕು.

ಎರಡನೆಯದು, ಕೋಣೆ ಯಾವುದು? ದುಡ್ಡಿನದೋ (ತೆರಿಗೆ, ವಿಮೆ, ಸಾಲ), ಮೈ ಮನೆಗಳದೋ (ಮದುವೆ, ಗರ್ಭ, ನಶೆ, ಬಂದೂಕು)? ಒಂದರಲ್ಲಿ ‘ಅದು ನನ್ನ ಹೊಣೆ, ನೀವು ದೂರ ಇರಿ’ ಎನ್ನುವವರೇ ಇನ್ನೊಂದರಲ್ಲಿ ಕಾನೂನು ಬೇಕೆನ್ನುತ್ತಾರೆ.

ಮೂರನೆಯದು, ನೆರವಿಗೆ ಷರತ್ತೇನು, ಅದನ್ನು ಸಾಬೀತು ಮಾಡುವ ಕಾಗದದ ಹೊರೆ ಯಾರ ತಲೆ ಮೇಲೆ? ಭಾಷಣಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ, ಜನ ಬೀಳುವುದು ಮಾತ್ರ ಇಲ್ಲೇ.

ನಾಲ್ಕನೆಯದು, ತೀರ್ಮಾನ ಯಾರದು: ವಾಷಿಂಗ್ಟನ್ನದೋ, ರಾಜ್ಯದ್ದೋ, ಊರಿನದೋ?

ಕನ್ಸರ್ವೇಟಿವ್: ಷರತ್ತು ಮೊದಲು, ನೆರವು ಆಮೇಲೆ

ವೈಯಕ್ತಿಕ ಹೊಣೆಯನ್ನು ಹೆಸರಿನಲ್ಲೇ ಹೊತ್ತ ಕಾನೂನೊಂದಿದೆ: 1996ರ ಪರ್ಸನಲ್ ರೆಸ್ಪಾನ್ಸಿಬಿಲಿಟಿ ಅಂಡ್ ವರ್ಕ್ ಆಪರ್ಚುನಿಟಿ ರಿಕನ್ಸಿಲಿಯೇಷನ್ ಆಕ್ಟ್. ಬಡ ಕುಟುಂಬಗಳಿಗೆ ಹಕ್ಕಾಗಿ ಸಿಗುತ್ತಿದ್ದ ನಗದು ನೆರವನ್ನು ಇದು ತೆಗೆದುಹಾಕಿತು. ಬದಲಿಗೆ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 16.5 ಶತಕೋಟಿ ಡಾಲರ್ ಇಡುಗಂಟು, ಫಲಾನುಭವಿಗೆ ಕೆಲಸದ ಷರತ್ತು, ಒಕ್ಕೂಟದ ಹಣದಿಂದ ಜೀವಮಾನಕ್ಕೆ 60 ತಿಂಗಳ ಮಿತಿ. ರಿಪಬ್ಲಿಕನ್ನರು ಬರೆದ ಮಸೂದೆ ಇದು, ಸಹಿ ಹಾಕಿದವರು ಡೆಮಾಕ್ರಟಿಕ್ ಅಧ್ಯಕ್ಷ ಬಿಲ್ ಕ್ಲಿಂಟನ್. ಕೆಳಮನೆಯಲ್ಲಿ ಡೆಮಾಕ್ರಟರು ಸರಿಸಮ ಸೀಳಿಹೋದರು: 98 ಪರ, 98 ವಿರುದ್ಧ. ಹಣೆಪಟ್ಟಿ ನೋಡಿ ನೀತಿ ಊಹಿಸುವವರು ಈ ಒಂದು ಮತಗಳ ಲೆಕ್ಕವನ್ನು ನೆನಪಿಟ್ಟರೆ ಸಾಕು.

ಇದರ ಬಲ ಏನು? ದುಡಿದರೆ ಮಾತ್ರ ಸಿಗುತ್ತದೆ ಎಂಬ ಸ್ಪಷ್ಟ ಸಂದೇಶ, ರಾಜ್ಯಗಳಿಗೆ ಪ್ರಯೋಗದ ಸ್ವಾತಂತ್ರ್ಯ, ತೆರಿಗೆ ಕಟ್ಟುವವನಿಗೆ ಖರ್ಚಿನ ಮೇಲೊಂದು ಮುಚ್ಚಳ. ದೌರ್ಬಲ್ಯವೂ ಅದೇ ಮುಚ್ಚಳದಲ್ಲಿದೆ. 1996ರಲ್ಲಿ ನಿಗದಿಯಾದ ಇಡುಗಂಟಿಗೆ ಬೆಲೆಯೇರಿಕೆಯ ಹೊಂದಾಣಿಕೆ ಇಲ್ಲ. ವರ್ಷ ಕಳೆದಂತೆ ಅದು ಸವೆಯುತ್ತದೆ.

ಮೂರನೆಯ ಕೋಲು ಹಿಡಿದು ಆರ್ಕನ್ಸಾ ರಾಜ್ಯಕ್ಕೆ ಬನ್ನಿ. 2018ರ ಜೂನ್‌ನಲ್ಲಿ ಅಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್‌ಗೆ ತಿಂಗಳಿಗೆ 80 ಗಂಟೆ ಕೆಲಸದ ಷರತ್ತು ಬಂತು. ಕೆಲಸ ಮಾಡಿದರೆ ಸಾಲದು, ಪ್ರತಿ ತಿಂಗಳು ವರದಿಯನ್ನೂ ಮಾಡಬೇಕು. ಮೊದಮೊದಲು ವರದಿಗೆ ಇದ್ದದ್ದು ಆನ್‌ಲೈನ್ ಪೋರ್ಟಲ್ ಒಂದೇ. ಅದೂ ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು. ಸಂಜೆ ಪಾಳಿ ಮುಗಿಸಿ ಹತ್ತು ಗಂಟೆಗೆ ಮನೆ ಸೇರುವವನು ಷರತ್ತು ಪಾಲಿಸಿದ್ದರೂ ಅದನ್ನು ತೋರಿಸಲಾರ. ಮೂರು ತಿಂಗಳು ವರದಿ ತಪ್ಪಿದರೆ ಆ ವರ್ಷದ ಉಳಿದ ಅವಧಿಗೆ ವಿಮೆ ಇಲ್ಲ. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ತಡೆಯುವ ಹೊತ್ತಿಗೆ ಸುಮಾರು 18,000 ಮಂದಿ ವಿಮೆ ಕಳೆದುಕೊಂಡಿದ್ದರು. 2025ರ ಒಕ್ಕೂಟ ಕಾನೂನು ಇದೇ 80 ಗಂಟೆಯ ಷರತ್ತನ್ನು, ಮೆಡಿಕೈಡ್ ವಿಸ್ತರಣೆಯಡಿ (ಒಬಾಮಾ ಕಾಲದ ಕಾನೂನು ಆ ವಿಮೆಯನ್ನು ಇನ್ನಷ್ಟು ವಯಸ್ಕರಿಗೆ ಹಬ್ಬಿಸಿದ ಭಾಗ) ಬರುವ 19ರಿಂದ 64 ವಯಸ್ಸಿನವರಿಗೆ 2027ರ ಆರಂಭದೊಳಗೆ ಜಾರಿಗೊಳಿಸಬೇಕೆಂದು ರಾಜ್ಯಗಳಿಗೆ ಹೇಳಿದೆ. ನಿಮ್ಮ ರಾಜ್ಯ ಅದನ್ನು ಹೇಗೆ ಜಾರಿ ಮಾಡುತ್ತದೆ ಎಂದು ನೋಡುವಾಗ ಗಂಟೆಗಳಿಗಿಂತ ಪೋರ್ಟಲನ್ನು ನೋಡಿ: ಫೋನಿನಲ್ಲಿ ವರದಿ ಮಾಡಬಹುದೇ, ಸಂಬಳದ ದಾಖಲೆಯಿಂದ ತಾನಾಗಿಯೇ ಪರಿಶೀಲನೆ ಆಗುತ್ತದೆಯೇ?

ಮೈ ಮನೆಗಳ ಕೋಣೆಗೆ ಬಂದರೆ ಚಿತ್ರ ಬೇರೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಡಾಬ್ಸ್ ತೀರ್ಪು ಬಂದ ಮೇಲೆ ಗರ್ಭಪಾತದ ತೀರ್ಮಾನ ರಾಜ್ಯಗಳ ಕೈಗೆ ಹೋಯಿತು. ಕನ್ಸರ್ವೇಟಿವ್ ರಾಜ್ಯಗಳು ಅಲ್ಲಿ ವ್ಯಕ್ತಿಯ ಆಯ್ಕೆಗೆ ಬಿಡದೆ ಕಾನೂನು ತಂದವು. ಭ್ರೂಣವೂ ಒಂದು ಜೀವ, ಅದರ ಹೊಣೆ ಸಮಾಜದ್ದು ಎಂಬುದು ಅವರ ವಾದ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ‘ಸರ್ಕಾರ ದೂರವಿರಲಿ’ ಎಂಬ ಕಾರಣಕ್ಕೇ ಈ ಹಣೆಪಟ್ಟಿ ಆರಿಸಿಕೊಳ್ಳುವವರು ಮಾತ್ರ ಇದನ್ನು ಮೊದಲೇ ತಿಳಿದಿರಬೇಕು. ಬ್ಯಾಂಕುಗಳ ವಿಷಯದಲ್ಲೂ ಅಷ್ಟೆ. 2008ರಲ್ಲಿ 700 ಶತಕೋಟಿ ಡಾಲರ್ ಪಾರುಗಾಣಿಕೆ ಯೋಜನೆಗೆ ಸಹಿ ಹಾಕಿದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್. ಅದನ್ನು ಕೆಳಮನೆಯಲ್ಲಿ ಮೊದಲ ಸಲ ಬೀಳಿಸಿದ ಮತಗಳಲ್ಲಿ ಹೆಚ್ಚಿನವು ಅವರದೇ ಪಕ್ಷದವು. ಆ ದಿನ ಒಂದೇ ಪಟ್ಟಿಯೊಳಗೆ ಎರಡು ಗುಂಪು ಕಾಣಿಸಿದವು: ತತ್ವದವರು ಮತ್ತು ವ್ಯವಸ್ಥೆ ಬೀಳದಿರಲಿ ಎನ್ನುವವರು.

ಐ-864: ನೀವೇ ಸಹಿ ಹಾಕಿದ ಹೊಣೆಪತ್ರ

ಊರಿನಿಂದ ಅಪ್ಪ ಅಮ್ಮನನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡವರಿಗೆ ವೈಯಕ್ತಿಕ ಹೊಣೆ ಎಂದರೆ ಸಿದ್ಧಾಂತ ಅಲ್ಲ, ಕರೆಸಿಕೊಂಡವರ ಖರ್ಚಿಗೆ ನಾನು ಹೊಣೆ ಎಂದು ಬರೆದುಕೊಡುವ ಐ-864 ಎಂಬ ಫಾರಂ. ಇದಕ್ಕೆ ಕಾನೂನಿನ ಹಲ್ಲು ಬಂದದ್ದೂ 1996ರ ಕಾನೂನುಗಳಿಂದಲೇ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕರೆಸಿಕೊಳ್ಳುವ ತಂದೆ ತಾಯಿ ಸೇರಿ ಆರು ಜನರ ಮನೆಯಾದರೆ, 2025ರ ಬಡತನ ಮಾನದಂಡದ ಶೇ. 125 ಅಂದರೆ ಸುಮಾರು 53,937 ಡಾಲರ್ ವಾರ್ಷಿಕ ಆದಾಯ ತೋರಿಸಬೇಕು. ತೋರಿಸುವುದು ಸುಲಭ. ಹೊಣೆ ಎಷ್ಟು ಕಾಲ ಇರುತ್ತದೆ ಎಂಬುದನ್ನು ಹಲವರು ಓದುವುದಿಲ್ಲ. ಬಂದ ತಂದೆ ತಾಯಿ ಪೌರರಾಗುವವರೆಗೆ, ಅಥವಾ ಅವರ ಲೆಕ್ಕಕ್ಕೆ 40 ತ್ರೈಮಾಸಿಕದ ದುಡಿಮೆ ಜಮೆಯಾಗುವವರೆಗೆ, ಅಥವಾ ದೇಶ ಬಿಟ್ಟು ವಾಸ ತೊರೆಯುವವರೆಗೆ, ಇಲ್ಲವೇ ತೀರಿಕೊಳ್ಳುವವರೆಗೆ. ನಿವೃತ್ತರಾಗಿ ಬಂದವರು 40 ತ್ರೈಮಾಸಿಕ ದುಡಿಯುವುದು ಎಲ್ಲಿಂದ? ಸಂಗಾತಿಗೆ ಸಹಿ ಹಾಕಿದ್ದರೆ ವಿಚ್ಛೇದನವಾದರೂ ಹೊಣೆ ಕಳಚುವುದಿಲ್ಲ.

ಜೊತೆಗೆ, ಹೊಸ ಗ್ರೀನ್ ಕಾರ್ಡ್‌ನವರಿಗೆ ಮೊದಲ ಐದು ವರ್ಷ ಒಕ್ಕೂಟದ ಮೆಡಿಕೈಡ್ ಸಾಮಾನ್ಯವಾಗಿ ಇಲ್ಲ. 65 ದಾಟಿ ಐದು ವರ್ಷ ಸತತ ವಾಸವಾದ ಮೇಲೆ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರನ್ನು ದುಡ್ಡು ಕೊಟ್ಟು ಕೊಳ್ಳಬಹುದು. ದುಡಿಮೆಯ ದಾಖಲೆ ಇಲ್ಲದವರಿಗೆ 2025ರ ದರದಲ್ಲಿ ಪಾರ್ಟ್ ಎ (ಆಸ್ಪತ್ರೆ ವಾಸಕ್ಕೆ) 518 ಡಾಲರ್, ಪಾರ್ಟ್ ಬಿ (ವೈದ್ಯರ ಶುಲ್ಕಕ್ಕೆ) 185. ತಲೆಗೆ ತಿಂಗಳಿಗೆ 703. ಇಬ್ಬರಿಗೆ 1,406. ನಡುವಿನ ಐದು ವರ್ಷಕ್ಕೆ ಆಸರೆ ಎಂದರೆ ಒಬಾಮಾಕೇರ್ (2010ರ ಆರೋಗ್ಯ ವಿಮೆ ಕಾನೂನು) ಮಾರುಕಟ್ಟೆಯ ವಿಮೆ. ಸಕ್ಕರೆ ಕಾಯಿಲೆ, ಬೈಪಾಸ್ ಆದ ಎದೆ ಇದ್ದರೂ ವಿಮಾ ಕಂಪನಿ ‘ಇಲ್ಲ’ ಎನ್ನುವಂತಿಲ್ಲ ಎಂಬ ನಿಯಮ 2014ರಿಂದ ಬಂತು. ಅಂದರೆ ಕನ್ಸರ್ವೇಟಿವ್ ಕಾನೂನು ಹೊರಿಸಿದ ಹೊಣೆಯನ್ನು ನಿಭಾಯಿಸಲು ಮಗ ಲಿಬರಲ್ ಕಾನೂನಿನ ಕೋಲು ಊರುತ್ತಾನೆ. ಯಾವುದಕ್ಕೆ ಬೈಯಬೇಕು ಎಂದು ತೀರ್ಮಾನಿಸುವ ಮೊದಲು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆಯಿರಿ.

ಲಿಬರಲ್: ನೆರವು ಮೊದಲು, ಚಂದಾ ಎಲ್ಲರಿಂದ

ಲಿಬರಲ್‌ಗಳು ಹೊಣೆ ಬೇಡವೆನ್ನುವವರು ಎಂಬುದು ಅರ್ಧ ಸುಳ್ಳು. ಆಕಸ್ಮಿಕಗಳನ್ನು ಒಬ್ಬೊಬ್ಬರೇ ಹೊರಲಾಗದು, ಎಲ್ಲರೂ ಮುಂಚೆಯೇ ಚಂದಾ ಕಟ್ಟಿಡಲಿ ಎಂಬುದು ಅವರ ವಾದ. 1935ರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಯೋಜನೆ ಇದರ ತಾಯಿಬೇರು. ಸಂಬಳದಾರನಿಂದ ಶೇ. 6.2, ಮೆಡಿಕೇರ್‌ಗೆ 1.45, ಅಷ್ಟೇ ಮೊತ್ತ ಮಾಲೀಕನಿಂದ; ಸ್ವಂತ ಅಂಗಡಿಯವನಾದರೆ ಎರಡೂ ಪಾಲು, ಶೇ. 15.3, ಅವನದೇ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರೂ ಕಟ್ಟುತ್ತಾರೆ. ಆದರೆ ಭಾರತ ಅಮೆರಿಕ ನಡುವೆ ಈ ವಂತಿಗೆ ಹೊಂದಿಸುವ ಒಪ್ಪಂದ ಇಲ್ಲದ್ದರಿಂದ ಹತ್ತು ವರ್ಷ ತುಂಬದೆ ಬೆಂಗಳೂರಿಗೆ ಮರಳಿದವರಿಗೆ ಪಿಂಚಣಿ ಇಲ್ಲ. ಚಂದಾ ಕಟ್ಟಿಸಿಕೊಂಡು ಊಟಕ್ಕೆ ಕರೆಯದ ಸಂತರ್ಪಣೆ!

ಹೊಣೆಯ ಮಾತು ಪಾರ್ಟಿ ಬದಲಿಸಿದ್ದಕ್ಕೆ ಆರೋಗ್ಯ ವಿಮೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರತಿಯೊಬ್ಬನೂ ವಿಮೆ ಕೊಳ್ಳಲೇಬೇಕು ಎಂಬ ಸಲಹೆ 1989ರಲ್ಲಿ ಬಂದದ್ದು ಕನ್ಸರ್ವೇಟಿವ್ ಚಿಂತನ ಸಂಸ್ಥೆಯಾದ ಹೆರಿಟೇಜ್ ಫೌಂಡೇಷನ್ನಿನಿಂದ. ಆಸ್ಪತ್ರೆಯ ಖರ್ಚನ್ನು ನೆರೆಯವರ ತಲೆಗೆ ಕಟ್ಟಬೇಡ, ನಿನ್ನ ವಿಮೆ ನೀನೇ ಮಾಡು ಎಂಬ ತರ್ಕ. 2006ರಲ್ಲಿ ಮ್ಯಾಸಚೂಸೆಟ್ಸ್‌ನ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಅದನ್ನು ಜಾರಿಗೆ ತಂದರು. 2010ರಲ್ಲಿ ಒಬಾಮಾ ದೇಶಕ್ಕೆಲ್ಲ ಹಬ್ಬಿಸಿದಾಗ ಅದೇ ನಿಯಮ ಸ್ವಾತಂತ್ರ್ಯಹರಣ ಎನಿಸಿಕೊಂಡಿತು. 2012ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ, ಇದೊಂದು ತೆರಿಗೆ ಎಂದು ಎತ್ತಿಹಿಡಿಯಿತು. ವಿಮೆ ಇಲ್ಲದವರಿಗೆ ವಯಸ್ಕನಿಗೆ 695 ಡಾಲರ್ ಅಥವಾ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು ದಂಡವಾಗಿತ್ತು. 2017ರ ತೆರಿಗೆ ಕಾನೂನು ಅದನ್ನು 2019ರಿಂದ ಸೊನ್ನೆ ಮಾಡಿತು. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ರಾಜ್ಯದ ಸ್ವಂತ ದಂಡ ಇನ್ನೂ ಇದೆ. ಕೆಲಸ ಬಿಟ್ಟು ಕೆಲ ತಿಂಗಳು ವಿಮೆ ಇಲ್ಲದೆ ಕಳೆದವರು ರಾಜ್ಯದ ತೆರಿಗೆ ಫಾರಂ ತುಂಬುವಾಗ ಎಡವುವುದು ಇಲ್ಲಿ.

ಲಿಬರಲ್ ದಾರಿಯಲ್ಲಿ ಕೆಡುವುದು ಎಲ್ಲಿ? ಒಂದು, ಮೆಟ್ಟಿಲ ಬದಲು ಕಮರಿ. ವಿಸ್ತರಣೆ ಒಪ್ಪಿದ ರಾಜ್ಯಗಳಲ್ಲಿ ವಯಸ್ಕರಿಗೆ ಮೆಡಿಕೈಡ್ ಮಿತಿ ಬಡತನ ರೇಖೆಯ ಶೇ. 138. ಸಂಬಳ ಸ್ವಲ್ಪ ಏರಿ ಗೆರೆ ದಾಟಿದರೆ ಪ್ರೀಮಿಯಂ ಕಟ್ಟುವ ಲೋಕಕ್ಕೆ ಜಿಗಿಯಬೇಕು. ಹೆಚ್ಚು ಗಂಟೆ ದುಡಿಯಲು ಹಿಂಜರಿಯುವವನನ್ನು ಸೋಮಾರಿ ಎನ್ನುವುದು ತಪ್ಪು, ಅವನಿಗೆ ಲೆಕ್ಕ ಬರುತ್ತದೆ. ಎರಡು, ಕಟ್ಟಿದವನ ಕೋಪ. ವಿದ್ಯಾರ್ಥಿಗಳ ಒಕ್ಕೂಟ ಸಾಲದಲ್ಲಿ 10,000ದಿಂದ 20,000 ಡಾಲರ್ ಮನ್ನಾ ಮಾಡುವ ಬೈಡನ್ ಯೋಜನೆಯನ್ನು 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ತಳ್ಳಿಹಾಕಿತು. ಹೊಟ್ಟೆ ಬಟ್ಟೆ ಕಟ್ಟಿ ತೀರಿಸಿದವರು ‘ನಾವೇನು ಮೂರ್ಖರಾ?’ ಎಂದು ಕೇಳಿದ್ದರಲ್ಲಿ ಹುರುಳಿತ್ತು. ಭಾರತದಿಂದ ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿ ಹೋಗುವವರಿಗಂತೂ ಆ ಸಾಲವೇ ಸಿಗದು. ಅವರದು ಊರಿನ ಬ್ಯಾಂಕಿನಲ್ಲಿ ಮನೆಪತ್ರ ಅಡವಿಟ್ಟ ಸಾಲ.

ಕೋಣೆ ಬದಲಾದರೆ ಲಿಬರಲ್‌ಗಳೂ ಗಟ್ಟಿ ಹೊಣೆಗಾರರೇ. ಕನ್ನಡಿಗರು ಸಾಕಷ್ಟಿರುವ ಸ್ಯಾನ್ ಹೋಸೆ ನಗರ 2022ರಲ್ಲಿ ಬಂದೂಕು ಮಾಲೀಕರಿಗೆ ಹೊಣೆ ವಿಮೆ ಕಡ್ಡಾಯ ಮಾಡಿತು. ‘ನಿನ್ನ ವಸ್ತು, ನಿನ್ನ ಬಿಲ್’ ಎಂಬ ಅದೇ ತರ್ಕ, ಹಿಡಿದ ಕೈ ಮಾತ್ರ ಬೇರೆ.

ಲಿಬರ್ಟೇರಿಯನ್: ಎಲ್ಲ ಕೋಣೆಗೂ ಒಂದೇ ಬೀಗದಕೈ

ಎಲ್ಲ ಕೋಣೆಯಲ್ಲೂ ಒಂದೇ ಮಾತಿರಬೇಕು ಎಂಬುದೇ ನಿಮ್ಮ ಮುಖ್ಯ ಮಾನದಂಡವಾದರೆ, ಸರ್ಕಾರ ಎಲ್ಲದರಿಂದಲೂ ದೂರವಿರಲಿ ಎನ್ನುವ ಲಿಬರ್ಟೇರಿಯನ್ನರನ್ನು ಮೀರಿಸಿದವರಿಲ್ಲ. 1971ರಲ್ಲಿ ಹುಟ್ಟಿದ ಅವರ ಪಕ್ಷದ ಪ್ರಕಾರ ತೆರಿಗೆಯೂ ಕಡಿಮೆ, ಗಾಂಜಾಕ್ಕೂ ತಡೆ ಬೇಡ, ಬ್ಯಾಂಕಿಗೂ ಪಾರುಗಾಣಿಕೆ ಬೇಡ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವಯಸ್ಕರಿಗೆ ಸೀಟ್ ಬೆಲ್ಟೂ ಕಡ್ಡಾಯವಿಲ್ಲ, ಹೆಲ್ಮೆಟ್ಟೂ ಇಲ್ಲ. ಸರಿ, ಮೊದಲ ಕೋಲು ಹಿಡಿಯಿರಿ. ಹೆಲ್ಮೆಟ್ ಇಲ್ಲದವನು ಬಿದ್ದು ತಲೆ ಒಡೆದುಕೊಂಡರೆ? 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಂತೆ ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಯ ತುರ್ತು ವಿಭಾಗ, ದುಡ್ಡಿದೆಯೇ ಎಂದು ನೋಡದೆ ಅವನನ್ನು ಉಳಿಸಲೇಬೇಕು. ಅವನಿಗೆ ವಿಮೆ ಇಲ್ಲದಿದ್ದರೆ ಖರ್ಚು ಉಳಿದವರ ಬಿಲ್ಲುಗಳಲ್ಲಿ ಹಂಚಿಹೋಗುತ್ತದೆ. ಬಾಗಿಲಲ್ಲಿ ಸಾಯಲು ಬಿಡುವ ಧೈರ್ಯ ಸಮಾಜಕ್ಕೆ ಇಲ್ಲದಿರುವವರೆಗೆ ಶುದ್ಧ ವೈಯಕ್ತಿಕ ಹೊಣೆ ಪೂರ್ತಿ ವೈಯಕ್ತಿಕವಾಗುವುದಿಲ್ಲ. ಉಳಿತಾಯ, ಆರೋಗ್ಯ, ಯೌವನ ಮೂರೂ ಇದ್ದವರಿಗೆ ಈ ಪಟ್ಟಿ ಅಗ್ಗ. ಒಂದು ಕೈಕೊಟ್ಟರೂ ದುಬಾರಿ.

ಯಾರ ಬಜೆಟ್ಟಿಗೆ ಯಾವುದು ಕೂರುತ್ತದೆ

ಕಂಪನಿಯ ವಿಮೆಯಲ್ಲಿರುವ ಐಟಿ ಉದ್ಯೋಗಿಗೆ ತೆರಿಗೆಯೇ ಕಣ್ಣಿಗೆ ಕಾಣುವ ಖರ್ಚು. ಕನ್ಸರ್ವೇಟಿವ್ ವಾದ ಹಿತವೆನಿಸುತ್ತದೆ. ಲೇಆಫ್ ಆದ ತಿಂಗಳು ನೋಟ ಬದಲಾಗುತ್ತದೆ: ಕೋಬ್ರಾ ಎಂಬ ಕಾನೂನಿನಡಿ ಸಾಮಾನ್ಯವಾಗಿ 18 ತಿಂಗಳು ಅದೇ ವಿಮೆ ಮುಂದುವರಿಯುತ್ತದೆ, ಆದರೆ ಪ್ರೀಮಿಯಮ್ಮಿನ ಶೇ. 102ರವರೆಗೂ ನೀವೇ ಕಟ್ಟಬೇಕು. ಮೋಟೆಲ್ ಅಥವಾ ದರ್ಶಿನಿ ನಡೆಸುವವರಿಗೆ ಒಬಾಮಾಕೇರ್‌ನ 50 ಪೂರ್ಣಾವಧಿ ನೌಕರರ ಗೆರೆ ಮುಖ್ಯ. ವಾರಕ್ಕೆ 30 ಗಂಟೆ ದುಡಿದರೆ ಪೂರ್ಣಾವಧಿ, ಅರೆಕಾಲಿಕರ ಗಂಟೆಗಳನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಗೆರೆ ದಾಟಿದರೆ ನೌಕರರಿಗೆ ವಿಮೆ ಕೊಡಬೇಕು, ಇಲ್ಲವೇ ದಂಡ. ಮಾಲೀಕನಾಗಿ ಅವರು ಈ ನಿಯಮಕ್ಕೆ ಬೈಯುತ್ತಾರೆ, ಸ್ವಂತ ಕುಟುಂಬಕ್ಕೆ ಅದೇ ಕಾನೂನಿನ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುತ್ತಾರೆ. 26 ತುಂಬದ ಮಕ್ಕಳನ್ನು ಅಪ್ಪನ ವಿಮೆಯಲ್ಲೇ ಇಡಬಹುದು ಎಂಬ ಸೌಲಭ್ಯದ ಬಗ್ಗೆ ಮಾತ್ರ ಎರಡೂ ಕಡೆಯ ತಂದೆತಾಯಿಗಳಿಂದ ದೂರು ಕೇಳಿಬರುವುದು ಕಡಿಮೆ.

ಯಾವುದೂ ಪೂರ್ತಿ ಕೂರದವರಿಗೆ ‘ಸ್ವತಂತ್ರ’ ಎಂಬ ಆಯ್ಕೆ ಇದೆ. ಅದು ನಿಲುವಲ್ಲ, ನಿಲುವನ್ನು ಪ್ರತಿ ಬಾರಿ ಹೊಸದಾಗಿ ಲೆಕ್ಕ ಹಾಕುವ ಕೆಲಸ. ನನ್ನನ್ನು ಕೇಳಿದರೆ ಹೊಸ ಮತದಾರರಿಗೆ ಇದೇ ಒಳ್ಳೆಯದು, ಆದರೆ ರಾಜ್ಯ ನೋಡಿಕೊಂಡು. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ಗಳಲ್ಲಿ ಪಕ್ಷಕ್ಕೆ ನೋಂದಾಯಿಸದವರಿಗೆ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಒಳಚುನಾವಣೆಯಲ್ಲಿ, ಅಭ್ಯರ್ಥಿಯನ್ನು ಆರಿಸುವ ಮತ ಇಲ್ಲ. ನ್ಯೂಜೆರ್ಸಿಯಲ್ಲಿ ಯಾವ ಪಕ್ಷಕ್ಕೂ ಸೇರದವರು ಪ್ರೈಮರಿ ದಿನ ಮತಗಟ್ಟೆಯಲ್ಲೇ ಪಕ್ಷ ಹೇಳಬಹುದು. ಟೆಕ್ಸಾಸಿನ ಅರ್ಜಿಯಲ್ಲಿ ಪಕ್ಷದ ಸಾಲೇ ಇಲ್ಲ.

ಫಾರಂ ಮುಂದಿಟ್ಟುಕೊಂಡಾಗ

ಮೊದಲು, ನಿಮ್ಮ ಮನೆಗೆ ಮುಟ್ಟುವ ಮೂರು ನೀತಿಗಳನ್ನು ಮಾತ್ರ ಆರಿಸಿ. ವಿಮೆ, ಶಾಲೆ, ವೀಸಾ ಇತ್ಯಾದಿ. ಒಂದೊಂದರ ಎದುರು ಬಿಲ್ ಕಟ್ಟುವವರ ಹೆಸರು ಬರೆಯಿರಿ. ಆಮೇಲೆ ಅಭ್ಯರ್ಥಿ ಆ ವಿಷಯದಲ್ಲಿ ಹಿಂದೆ ಹಾಕಿದ ಮತ ನೋಡಿ, ಭಾಷಣವನ್ನಲ್ಲ. ಮೂರರಲ್ಲಿ ಎರಡು ಒಂದೇ ಕಡೆ ವಾಲಿದರೆ ಪಟ್ಟಿ ಸಿಕ್ಕಂತೆ.

ಪೌರತ್ವ ಇನ್ನೂ ಬಂದಿಲ್ಲವಾದರೆ ಅಲ್ಲಿಗೇ ನಿಲ್ಲಿಸಿ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅಲ್ಲಿ ಗಮನವಿಲ್ಲದೆ ‘ಹೌದು’ ಎಂದು ಗುರುತು ಹಾಕಿದ ಗ್ರೀನ್ ಕಾರ್ಡ್‌ದಾರರಿಗೆ ಮುಂದೆ ಪೌರತ್ವದ ಅರ್ಜಿ ಎನ್-400ರಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ. ತಾನು ಪೌರ ಎಂದು ಸುಳ್ಳು ಹೇಳಿದಂತಾದರೆ ಗಡೀಪಾರಿನವರೆಗೂ ಹೋಗಬಹುದು. ಅಭ್ಯರ್ಥಿಗೆ ದೇಣಿಗೆ ಕೊಡಲು ಗ್ರೀನ್ ಕಾರ್ಡ್‌ನವರಿಗೆ ಅವಕಾಶವಿದೆ, ಎಚ್-1ಬಿಯವರಿಗೆ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬೋನಿದೆ. ಪಕ್ಷಗಳ ಪಟ್ಟಿಯಲ್ಲಿ ‘ಅಮೆರಿಕನ್ ಇಂಡಿಪೆಂಡೆಂಟ್’ ಎಂದು ಕಾಣುತ್ತದೆ. ಸ್ವತಂತ್ರ ಎಂದುಕೊಂಡು ಅದಕ್ಕೆ ಗುರುತು ಹಾಕಿದವರು ಬಹಳ. ಅದು 1968ರ ಚುನಾವಣೆಯಲ್ಲಿ ವರ್ಣಭೇದದ ಪರವಾಗಿದ್ದ ಜಾರ್ಜ್ ವಾಲೆಸ್‌ರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ ಪಕ್ಷ. ನಿಮಗೆ ಬೇಕಾದ ಸಾಲು ‘ನೋ ಪಾರ್ಟಿ ಪ್ರಿಫರೆನ್ಸ್’. ಈಗಾಗಲೇ ತಪ್ಪು ಗುರುತಾಗಿದ್ದರೆ ಹೊಸ ಅರ್ಜಿ ತುಂಬಿದರೆ ಸರಿಹೋಗುತ್ತದೆ. ಚುನಾವಣೆಗೆ 15 ದಿನ ಮೊದಲೇ ಸಲ್ಲಿಸಿ.